ಬೆನ್ನ ಮೇಲಿನ ಗುರಾಣಿ

ಟಿಣ್ ಅಂದಿತು, ಮತ್ತೆ ಟಿಣ್, ಹಳದಿ ನಾಣ್ಯವೊಂದು ಪರದೆಯ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಗಿ ಮೂಲೆಯ ಡಬ್ಬಿಯೊಳಕ್ಕೆ ಬಿತ್ತು, ಏಟು ತಿಂದ ರೌಡಿ ನಿಂತಿದ್ದ ಕಡೆ ಈಗ ಬರೀ ಹೊಗೆ, ಹೊಗೆಯ ಮೇಲೆ ನೂರು ಅನ್ನುವ ಅಂಕಿ ಕುಣಿಯುತ್ತಿದೆ, ಮತ್ತು ಶೋಭಿತಾಳ ಬಲಗಡೆಯ ಸೀಟಿನಲ್ಲಿ ಅವಳಪ್ಪ ಬೈರಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ, ಒಡುದ್ರೆ ಕಾಸಾಯ್ತಾರಲ್ಲವ್ವ, ಅಯ್ಯೋ ಇವ್ರ ಮನೆ ಕಾಯ್ವಾಗ — ಹೊಳೆನರಸೀಪುರದ ದನದ ಆಸ್ಪತ್ರೆಯಲ್ಲಿ ಅಟೆಂಡರಾಗಿದ್ದು ನಿವೃತ್ತನಾದ ಮನುಷ್ಯ, ಅರವತ್ತಾರು ವರ್ಷ, ಟೀವಿ ಮುಂದೆ ಕೂತರೆ ವಾರ್ತೆ ಬಿಟ್ಟು ಬೇರೇನೂ ನೋಡದವನು, ಇವತ್ತು ಹಾಸನದ ಥಿಯೇಟರಿನ ಬಾಲ್ಕನಿಯಲ್ಲಿ ಬೆಳಗಿನ ಹತ್ತೂವರೆ ಆಟಕ್ಕೆ ಬಿಳೀ ಶರ್ಟು ಹಾಕಿಕೊಂಡು ಬಂದು ಕೂತಿದ್ದಾನೆ, ಏಪ್ರಿಲ್ ಹದಿನಾಲ್ಕರ ಜಯಂತಿಗೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುವ ಶರ್ಟು ಅದು, ಅವನು ನಕ್ಕಷ್ಟೂ ಅವಳು ಒಳಗೇ ಬೇಡಿಕೊಳ್ಳುತ್ತಿದ್ದಾಳೆ, ನಗಬೇಡಪ್ಪ, ಇಷ್ಟೊಂದು ನಗಬೇಡ. ಆ ಮೂರು ಕೆಂಪುಗುಂಡು ಯಾತಕ್ಕವ್ವ ಮ್ಯಾಲ್ಗಡೆ, ಅದು ಜೀವ ಅಪ್ಪ, ವಿಡಿಯೋ ಗೇಮ್ ಥರಾ ಮಾಡಿದ ಸಿನಿಮಾ ಇದು, ಹೀರೋಗೆ ಮೂರು ಜೀವ, ಒಂದು ಹೋದರೆ ಇನ್ನೊಂದು, ಒಬ್ಬುನ್ಗೇ ಮೂರಾ, ನಮ್ಗೆ ಒಂದ್ರಲ್ಲೇ ಸಾಕಾಗೋಯ್ತಲ್ಲವ್ವ — ಹಿಂದಿನ ಸಾಲಿನ ಕಾಲೇಜು ಹುಡುಗರು ಆ ಮಾತಿಗೂ ನಕ್ಕರು, ಅಪ್ಪ ಖುಷಿಯಾಗಿ ತಿರುಗಿ ನೋಡಿದ, ಪರದೆಯ ಮೇಲೆ ಹೀರೋ ಕೊರವಂಗಲದ ದೇವಸ್ಥಾನದ ಗೋಡೆ ಹತ್ತಿ ಆನೆಸಾಲಿನ ಬೆನ್ನ ಮೇಲೆ ಓಡುತ್ತಿದ್ದಾನೆ, ಕಲ್ಲಾನೆಗಳು ಸೊಂಡಿಲೆತ್ತಿ ದಾರಿ ಬಿಡುತ್ತಿವೆ, ಅದು ಕಾಮಿಕ್ಸಿಗೆ ಅವಳೇ ಬರೆದ ಚಿತ್ರ, ಎರಡು ಭಾನುವಾರ ಅಲ್ಲೇ ಕೂತು ಬರೆದದ್ದು, ಹೀರೋನ ಹೆಸರು ಬೈರ, ಅದೂ ಅವಳೇ ಇಟ್ಟದ್ದು, ಮತ್ತು ಬೈರನ ಬೆನ್ನ ಮೇಲೆ ಬಟ್ಟೆ ಸುತ್ತಿದ ಆ ದುಂಡನೆಯದು, ಅವನು ಹಾರಿದಾಗೆಲ್ಲ ಅದೂ ಹಾರುತ್ತದೆ, ಇಂಟರ್‌ವಲ್ ಆಗುವ ತನಕ ಬಟ್ಟೆ ಬಿಚ್ಚುವುದಿಲ್ಲ, ಆಮೇಲೆ ಬಿಚ್ಚುತ್ತಾನೆ, ಆಮೇಲೆ ಅಪ್ಪನ ಮುಖ ಹೇಗೆ ನೋಡುವುದು ಅಂತ ಅವಳಿಗೆ ಗೊತ್ತಿಲ್ಲ.

ಗುರಾಣಿ ಅಂತ ಹೇಳಿದ್ದಳು. ಮೂರು ವರ್ಷದ ಹಿಂದೆ, ಅಡುಗೆಮನೆ ಪಕ್ಕದ ಮೇಜಿನ ಮೇಲೆ ಕಾಮಿಕ್ಸಿನ ಮೊದಲ ಪುಟ ಬರೆಯುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತು, ಇವ್ನ ಬೆನ್ ಮ್ಯಾಲೆ ಏನವ್ವ ಮೊರದಂಗೆ, ಅಂದ, ಅವಳ ಬಾಯಿಂದ ತಾನಾಗಿ ಬಂತು, ಗುರಾಣಿ ಅಪ್ಪ, ಯುದ್ಧದಲ್ಲಿ ಹಿಡ್ಕೋತಾರಲ್ಲ ಅದು — ಓ ಅಂಗಾ, ಒಳ್ಳೇದು ಬುಡು, ಬೆನ್ನು ಕಾಯ್ಕಬೇಕು ಮನ್ಸ — ಅಷ್ಟೇ ಆಗಿದ್ದು, ಆವತ್ತಿಂದ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಬದುಕು, ಹೈಸ್ಕೂಲಿನ ಡ್ರಾಯಿಂಗ್ ಟೀಚರು, ದಿನಾ ಚೂಡಿದಾರ, ಸೆರಗು ಎಲ್ಲಿಂದ ಬರಬೇಕು, ಆದರೂ ಕೆಂಡ ಕೆಂಡವೇ. ಬರೆದ ಪುಟಗಳನ್ನು ಒಂದೊಂದಾಗಿ ಫೋನಿನಲ್ಲಿ ಹಾಕಿದಳು, ಹನ್ನೆರಡು ಸಾವಿರ ಜನ ಓದಿದರು, ಅಪ್ಪನೊಬ್ಬನನ್ನು ಬಿಟ್ಟು, ಓದಿದ ಹನ್ನೆರಡು ಸಾವಿರಕ್ಕೂ ಗೊತ್ತು ಅದು ತಮಟೆ ಅಂತ, ಬೈರ ಬಡಿದರೆ ಸದ್ದು ಅಲೆಯಾಗಿ ಎದ್ದು ಊರ ಯಜಮಾನರ ದೊಡ್ಮನೆಯ ಕಂಬಗಳು ಉರುಳುತ್ತವೆ ಅಂತ. ಚನ್ನರಾಯಪಟ್ಟಣದಿಂದ ಸುದರ್ಶನ್ ಅನ್ನುವ ಹುಡುಗ ನಿರ್ದೇಶಕ ಹುಡುಕಿಕೊಂಡು ಬಂದ, ಮೇಡಂ ತಮಟೆ ಬೆಂಕೀಗೆ ಹಿಡಿದು ಕಾಯಿಸ್ತಾರಲ್ಲ, ಅದೇ ನಮ್ ಗೇಮಿನ ಪವರ್ ಪಟ್ಟಿ, ಚರ್ಮ ಬಿಗಿಯಾಗ್ತಾ ಆಗ್ತಾ ಪಟ್ಟಿ ತುಂಬ್ತಾ ಹೋಗತ್ತೆ, ಹೆಂಗೆ ಐಡಿಯಾ — ಚೆನ್ನಾಗಿದೆ ಅಂದಳು, ನಿಜವಾಗಿಯೂ ಚೆನ್ನಾಗಿತ್ತು, ಮೈ ಜುಮ್ಮೆಂದಿತ್ತು, ಹೊಗಳಿಕೆಗೆ ಯಾರ ತಲೆ ತಿರುಗುವುದಿಲ್ಲ, ಕಾಲೇಜಿನಲ್ಲಿದ್ದಾಗ ಹಾಸನದ ಕಲಾಭವನದಲ್ಲಿ ಹುಡುಗಿಯರು ಸೊಂಟಕ್ಕೆ ತಮಟೆ ಕಟ್ಟಿಕೊಂಡು ಬಡಿದದ್ದು ನೋಡಿ ಅತ್ತುಬಿಟ್ಟಿದ್ದಳಲ್ಲ, ನಮ್ಮದು ನಮ್ಮದು ಅಂತ ಒಳಗೇ ಕೂಗಿದ್ದಳಲ್ಲ, ನಮ್ಮದನ್ನು ನಮ್ಮದು ಅನ್ನುವುದಕ್ಕೆ ಯಾರ ಅಪ್ಪಣೆ ಬೇಕು — ಅಪ್ಪನ ಅಪ್ಪಣೆ ಬೇಕಿತ್ತು, ಶೋಭಿ, ನಿನಗೆ ಗೊತ್ತಿತ್ತು. ಅಜ್ಜಿ ಸಾಯುವ ಮುಂಚೆ ಆರು ತಿಂಗಳು ಹಾಸಿಗೆ ಹಿಡಿದು ಅದೊಂದೇ ಹೇಳುತ್ತಿದ್ದಳು, ನಿಮ್ಮಪ್ಪನ ಕೈ ನೋಡ್ಬೇಕಿತ್ತು ಕಣೆ, ಅರಕಲಗೂಡು ಸೀಮೇಲೇ ಅಂಥ ಕೈ ಇರ್ನಿಲ್ಲ, ಬಲಗೈಲಿ ಕೋಲು ಎಡಗೈಲಿ ಕಡ್ಡಿ, ಕಡ್ಡಿ ಆಡೋದು ಕಣ್ಗೇ ಕಾಣ್ತಿರ್ನಿಲ್ಲ, ಅದಾದ ಮೇಲೆ ದನಿ ಇಳಿಸಿ ಇನ್ನೊಂದು, ನಿಮ್ತಾತ ಸತ್ತು ಪಡಸಾಲೇಲಿ ಮಲಗವ್ರೆ, ದೊಡ್ಮನೇಲೂ ಅವತ್ತೇ ಎಣ ಬಿದ್ದದೆ, ಬಂದು ಬಾಗ್ಲಲ್ಲಿ ನಿಂತ್ಕಂಡು ನಿಮ್ದು ನಾಳೆ ಮಾಡ್ಕಳ್ರಲಾ, ಮೊದ್ಲು ನಮ್ದು ಸಾಗ್ಲಿ ಅಂದ್ರು, ಓದ ನನ್ ಮಗ, ಬಡ್ದ, ಬಂದು ತನ್ನಪ್ಪನ್ನ ಸದ್ದಿಲ್ದೆ ಮಣ್ಣು ಮಾಡ್ದ, ಒಂಬತ್ತು ದಿನುಕ್ಕೆ ಹನ್ನೊಂದು ಮನೆ ತಮಟೇನೂ ಕೆರೆ ಏರಿ ಮ್ಯಾಲೆ ರಾಶಿ ಆಕಿ ಬೆಂಕಿ ಮಡುಗ್ಬುಟ್ಟ. ಆಮೇಲೆ ಗಿರಣಿಯಲ್ಲಿ ರಾಗಿ ಬೀಸಿಕೊಡಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಮೂರು ತಿಂಗಳಿಗೆ ಊರು ಬಿಟ್ಟು ಹೊಳೆನರಸೀಪುರ ಸೇರಿದರು, ಅವಳು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಅಪ್ಪ ತಮಟೆಯ ಹೆಸರನ್ನು ಮನೆಯಲ್ಲಿ ಒಂದು ಸಲವೂ ಎತ್ತಿದವನಲ್ಲ, ಬೀದಿಯಲ್ಲಿ ಮೆರವಣಿಗೆ ತಮಟೆ ಬಂದರೆ ಎದ್ದುಹೋಗಿ ಕಿಟಕಿ ಹಾಕುತ್ತಾನೆ, ಮೂವತ್ತೊಂದು ವರ್ಷ ಹಾಗೇ ಹಾಕಿದ್ದಾನೆ. ಅಜ್ಜಿ ಹೇಳಿದ್ದರಲ್ಲಿ ಅವಳು ಕೈಯನ್ನು ತೆಗೆದುಕೊಂಡಳು, ಬೆಂಕಿಯನ್ನು ಬಿಟ್ಟಳು, ಬೆಂಕಿ ಬರೆದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಹೀರೋ ಗೆಲ್ಲಬೇಕಿತ್ತು.

ದೀಪ ಹತ್ತಿತು. ಜನ ಎದ್ದರು, ಅಪ್ಪ ನಾನೊಂದು ಟೀ ಕುಡ್ಕಂಡು ಬತ್ತೀನಿ ಅಂತ ಮುಂದೆ ಹೋದ, ಅವನ ಆಚೆ ಸೀಟಿನಲ್ಲಿದ್ದ ಅಮ್ಮ, ಮಲ್ಲಿಗಮ್ಮ, ಶೋಭಿತಾಳ ರಟ್ಟೆ ಹಿಡಿದು ಮೆಟ್ಟಿಲ ಮರೆಗೆ ಎಳೆದುಕೊಂಡಳು, ಅದು ಗುರಾಣಿ ಅಲ್ಲ ಅಲ್ವೇನೇ — ಅಮ್ಮ — ನನ್ ಕಣ್ಗೆ ಮಣ್ಣೆರಚ್ಬೇಡ, ಗುರಾಣಿ ತೂಗಾಕೋ ಹಗ್ಗ ಅಂಗೆ ಎಡಭುಜದಿಂದ ಬರಕಿಲ್ಲ, ಆರು ವರ್ಸ ನಾನೇ ಅದುನ್ನ ಗ್ವಾಡೆ ಮೊಳೆಗೆ ನೇತಾಕಿವ್ನಿ, ನಿಮ್ಮಪ್ಪ ಬೈರ ಬೈರ ಅಂತ ತನ್ನೆಸ್ರು ಕೇಳೋ ಸಂಭ್ರಮದಲ್ಲಿ ನೋಡಿಲ್ಲ, ಇಲ್ಲಾಂದ್ರೆ ಅವ್ರಿಗೆ ತಿಳೀದೇ ಇದ್ದಾತ, ಏನ್ ಮಾಡ್ಬುಟ್ಟೆ ಶೋಭಿ, ಓಗು, ಬೆಲ್ ಒಡೆಯೋಕ್ ಮುಂಚೆ ಯೋಳ್ಬುಡು, ಯೋಳಿ ಕರ್ಕಂಡ್ ಬಾ, ಬಸ್ ಹತ್ತಾನ. ಹೋದಳು. ಹೇಳಬೇಕು ಅಂತಲೇ ಹೋದಳು, ಮೆಟ್ಟಿಲು ಇಳಿಯುವಾಗ ಮಾತು ಜೋಡಿಸಿಕೊಂಡಳು, ಅಪ್ಪಾ, ಬೆನ್ನ ಮೇಲಿರೋದು ಗುರಾಣಿ ಅಲ್ಲ, ತಪ್ಪಾಯ್ತು, ಬಾ ಹೋಗೋಣ, ಎಷ್ಟು ಮಹಾ, ಒಂದೇ ಉಸಿರಿನ ಮಾತು, ಆದರೆ ಟೀ ಅಂಗಡಿ ಹತ್ತಿರ ಅಪ್ಪ ಲೋಟ ಕೈಯಲ್ಲಿ ಹಿಡಿದು ಗೇಟಿನಲ್ಲಿ ಟಿಕೆಟ್ ಹರಿಯುವ ಗುಂಡಯ್ಯನನ್ನು ನಿಲ್ಲಿಸಿಕೊಂಡಿದ್ದ, ಇದು ನಮ್ ಮಗ್ಳು ಬರ್ದಿದ್ದು ಸಾ, ಚಿತ್ರ ಬುಡ್ಸಿ ಬುಡ್ಸಿ ಬರ್ದವ್ಳೆ, ನನ್ ಎಸ್ರೇ ಮಡುಗವ್ಳೆ, ಬೈರ ಅಂದ್ರೆ ನಾನೇಯ, ಗುಂಡಯ್ಯ ಅವಳನ್ನೂ ಅಪ್ಪನನ್ನೂ ಒಂದು ಸಲ ನೋಡಿ, ಪುಣ್ಯವಂತ ಬುಡಿ ಯಜಮಾನ್ರೆ ಅಂದ, ಅಪ್ಪನ ಕುತ್ತಿಗೆ ಒಂದಂಗುಲ ಎದ್ದಿತು, ದನದ ಆಸ್ಪತ್ರೆಯಲ್ಲಿ ಡಾಕ್ಟರುಗಳ ಮುಂದೆ ಯಾವತ್ತೂ ಏಳದ ಕುತ್ತಿಗೆ, ಅವಳು ಬಾಯಿ ತೆರೆದಳು, ಅಪ್ಪಾ, ತಲೆ ನೋಯ್ತಿದೆ, ಮನೆಗೆ ಹೋಗೋಣ್ವಾ — ಇನ್ನೊಂದು ಸುಳ್ಳು, ಶೋಭಿ, ಅಂದುಕೊಂಡಳು ಒಳಗೇ — ಅಯ್ಯೋ, ಅರ್ಧಕ್ಕೇ ಎದ್ದೋದ್ರೆ ಏನಂದಾರವ್ವ, ನಿಂದೇ ಸಿನಿಮಾ, ತಕ್ಕ ಒಂಚೂರು ಟೀ ಕುಡಿ ಸರಿ ಓಯ್ತದೆ, ತನ್ನ ಲೋಟವನ್ನೇ ಅವಳ ಕೈಗಿಟ್ಟ. ಬಿಸಿತುಪ್ಪದಂತೆ ಬಾಯಲ್ಲಿ ನಿಂತಿತು ಆ ಮಾತು, ನುಂಗಲೂ ಇಲ್ಲ ಉಗುಳಲೂ ಇಲ್ಲ, ಬೆಲ್ ಹೊಡೆಯಿತು, ಅಪ್ಪ ಎಲ್ಲರಿಗಿಂತ ಮುಂಚೆ ಒಳಕ್ಕೆ ನಡೆದ.

ಕತ್ತಲೆ, ಒಂದು ಗಂಟೆ ಕಳೆದ ಮೇಲೆ ಪರದೆಯ ಮೇಲೆ ಕೊನೇ ಹಂತ ಅಂತ ದಪ್ಪಕ್ಷರ, ಬೈರನ ಎರಡು ಜೀವ ಆರಿಹೋಗಿವೆ, ಉಳಿದದ್ದು ಒಂದು, ದೊಡ್ಮನೆಯ ಬಾಗಿಲಲ್ಲಿ ಕಂಬದಷ್ಟೆತ್ತರದ ಯಜಮಾನ, ಅವನ ತಲೆಯ ಮೇಲೆ ಹತ್ತು ಜೀವ, ಬೈರ ಹುಲ್ಲು ಒಟ್ಟುತ್ತಿದ್ದಾನೆ, ಬೆಂಕಿ ಹಚ್ಚುತ್ತಿದ್ದಾನೆ, ಬೆನ್ನಿಂದ ಅದನ್ನು ಇಳಿಸುತ್ತಿದ್ದಾನೆ, ಗಂಟು ಬಿಚ್ಚಿದ, ಬಟ್ಟೆ ಜಾರಿತು, ಹಿಂದಿನ ಸಾಲಿನಿಂದ ಶಿಳ್ಳೆ, ಅವಳು ಪರದೆಯನ್ನು ನೋಡುತ್ತಿಲ್ಲ, ಅಪ್ಪನನ್ನೂ ನೋಡುತ್ತಿಲ್ಲ, ಮುಂದಿನ ಸೀಟಿನ ಹರಿದ ರೆಕ್ಸಿನ್ನು ನೋಡುತ್ತಿದ್ದಾಳೆ, ಅಪ್ಪನ ನಗು ನಿಂತದ್ದು ಕಿವಿಗೇ ಗೊತ್ತಾಯಿತು, ಅಪ್ಪ ಮುಂದಕ್ಕೆ ಬಾಗಿದ್ದಾನೆ, ಬೆಂಕಿಯ ಕೆಂಪು ಅವನ ಬಿಳೀ ಶರ್ಟಿನ ಮೇಲೆ ಆಡುತ್ತಿದೆ, ಈಗ ಎದ್ದು ಹೋಗುತ್ತಾನೆ, ಈಗ ಬೈಯುತ್ತಾನೆ, ಬೈದರೆ ಸಾಕು ದೇವರೇ, ಬೈದರೆ ಉಳಿದುಕೊಳ್ಳುತ್ತೇನೆ — ಅಪ್ಪ ಅವಳ ಕಡೆ ತಿರುಗಿದ, ಮೆಲ್ಲಗೆ, ಗುಟ್ಟು ಕೇಳುವವನ ದನಿ, ಸುಟ್ಟಾಕ್ತಾನೇನವ್ವ? ಆ ದನಿಯಲ್ಲಿ ಆಸೆ ಇತ್ತು. ಆಸೆ. ಮಗಳಿಗೆ ಎಲ್ಲ ಗೊತ್ತು, ಅಜ್ಜಿ ಹೇಳಿರಬೇಕು, ಕೆರೆ ಏರಿಯದನ್ನೇ ಬರೆದಿದ್ದಾಳೆ, ಮಾಡಿದ್ದು ಸರಿ ಅಂತ ಊರಿಗೆಲ್ಲ ತೋರಿಸುತ್ತಾಳೆ ಅಂತ ಅಂದುಕೊಂಡುಬಿಟ್ಟನೇ, ಇಷ್ಟು ವರ್ಷ ಯಾರೂ ಬೆನ್ನು ತಟ್ಟದೇ ಇದ್ದದ್ದಕ್ಕೆ ಇವಳು ತಟ್ಟುತ್ತಾಳೆ ಅಂತ, ಅಯ್ಯೋ ಅಪ್ಪಾ, ನಾನು ಆ ಪುಟ ಬರೆಯಲೇ ಇಲ್ಲವಲ್ಲ, ಆ ಪುಟ ಒಂದು ಬರೆದಿದ್ದರೆ — ಇಲ್ಲಪ್ಪ, ಅಂದಳು, ಕಾಯಿಸ್ತಾನೆ. ಮೂರು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ನಿಜ. ಅಪ್ಪ ಪರದೆಯ ಕಡೆಗೆ ತಿರುಗಿದ. ಪರದೆಯ ಕೆಳಗೆ ಪಟ್ಟಿ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ತುಂಬಿತು, ಬೈರ ಬೆರಳ ತುದಿಯಿಂದ ಚರ್ಮ ತಟ್ಟಿ ನೋಡಿ ತಲೆದೂಗಿದ, ಬಡಿದ.

ಜಗ್ಗಣಕ ಜಗ್ಗಣಕ, ಸದ್ದು ಉಂಗುರ ಉಂಗುರವಾಗಿ ಪರದೆ ದಾಟಿ ಬಂತು, ಯಜಮಾನನ ಒಂದು ಜೀವ ಟಪ್ ಅಂತ ಒಡೆಯಿತು, ಐನೂರು, ಜಗ್ಗಣಕ, ಇನ್ನೊಂದು, ಸಾವಿರ, ಕೆಳಗಿನ ಕ್ಲಾಸಿನಲ್ಲಿ ಎಲ್ಲರೂ ಎದ್ದು ಕುಣಿಯುತ್ತಿದ್ದಾರೆ, ಬಾಲ್ಕನಿಯೂ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕುತ್ತಿದೆ, ನೂರಾರು ಕೈ, ಯಾರ ಮನೆಯವರೋ ಏನೋ, ಇಲ್ಲಿ ದೊಡ್ಮನೆಯವರ ಮೊಮ್ಮಕ್ಕಳೂ ಇರಬಹುದು, ಅವರೂ ಕುಣಿಯುತ್ತಿದ್ದಾರೆ, ಇದನ್ನೇ ಅವಳು ಬಯಸಿದ್ದು, ಮೂರು ವರ್ಷ ನಿದ್ದೆಗೆಟ್ಟು ಬಯಸಿದ್ದು, ಆಚೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ, ಅಪ್ಪನ ಮುಖ ನೋಡುವ ಧೈರ್ಯವಿಲ್ಲದೆ ಅವಳು ಅವನ ಮಡಿಲನ್ನು ನೋಡಿದಳು, ಕೈ ಇರಬೇಕಾದಲ್ಲಿ ಕೈ ಇಲ್ಲ, ಸೀಟಿನ ಹಿಡಿಯ ಮೇಲೂ ಇಲ್ಲ, ಎಲ್ಲಿ ಹೋಯಿತು — ತೊಡೆಯ ಕೆಳಗಿದೆ, ಎರಡೂ ಕೈ, ಅಂಗೈ ಕೆಳಗು ಮಾಡಿ ತೊಡೆಯಡಿ ತುರುಕಿ ಅದರ ಮೇಲೆ ಇಡೀ ಮೈಭಾರ ಬಿಟ್ಟು ಕೂತಿದ್ದಾನೆ, ವಾಚಿನ ಪಟ್ಟಿ ಮಣಿಕಟ್ಟಿಗೆ ಕಚ್ಚಿಕೊಂಡಿದೆ, ಭುಜ ಎರಡೂ ಅದುರುತ್ತಿವೆ, ಜಗ್ಗಣಕ ಜಗ್ಗಣಕ, ತಾಳ ತಪ್ಪದೆ ಅದುರುತ್ತಿವೆ, ಅದು ಸಿಟ್ಟೋ, ಅಳುವೋ, ಅಥವಾ ಆ ಕೈಗಳಿಗೇ ಬಡಿಯಬೇಕು ಅನಿಸಿ — ಹತ್ತನೆಯ ಜೀವ ಒಡೆದು ಯಜಮಾನ ನಾಣ್ಯವಾಗಿ ಉರುಳಿದ, ಪರದೆ ಕಪ್ಪಾಯಿತು, ಕಪ್ಪಿನ ಮೇಲೆ ಬಿಳಿ ಅಕ್ಷರ, ಮತ್ತೆ ಆಡ್ತೀಯಾ, ಹೌದು, ಇಲ್ಲ, ಕೆಳಗೆ ಹತ್ತು, ಒಂಬತ್ತು, ಎಂಟು, ಹುಡುಗರು ಹೌದು ಹೌದು ಅಂತ ಗಂಟಲು ಹರಿದುಕೊಳ್ಳುತ್ತಿದ್ದಾರೆ, ಏಳು, ಆರು, ತಮಟೆ ನಿಂತಿದೆ, ಐದು, ಅಪ್ಪನ ಭುಜವೂ ನಿಂತಿದೆ, ಕೈ ಮಾತ್ರ ಅಲ್ಲೇ, ತೆಗಿ ಅಪ್ಪ, ನೋಯುತ್ತೆ, ನಾಲ್ಕು, ಮೂರು, ಅವಳಿಗೆ ಆ ಕೈ ಹಿಡಿದು ಎಳೆಯಬೇಕು ಅನಿಸುತ್ತಿದೆ, ಎಳೆದರೆ ಅವು ಏನು ಮಾಡುತ್ತವೋ ಅಂತ ಹೆದರಿಕೆಯಾಗುತ್ತಿದೆ, ಎರಡು, ಒಂದು, ದೀಪ ಹತ್ತಿತು, ಜನ ಎದ್ದರು, ಅಮ್ಮ ಎದ್ದಳು, ಗುಂಡಯ್ಯ ಬಾಗಿಲಿಂದ ಈ ಕಡೆಗೇ ನೋಡಿ ನಗುತ್ತಿದ್ದಾನೆ, ಅಪ್ಪ ಎದ್ದಿಲ್ಲ, ಅಪ್ಪನ ಕೈ ತೊಡೆಯ ಕೆಳಗಿದೆ, ಬಿಳೀ ಪರದೆಯನ್ನು ನೋಡುತ್ತಾ ಕೂತಿದ್ದಾನೆ, ಕೈ ತೊಡೆಯ ಕೆಳಗಿದೆ, ಎರಡೂ ಕೈ —