ಬಗ್ಗಿದವರ ಕೈಯಲ್ಲಿ ರೊಟ್ಟಿ

ಹೆದ್ದಾರಿಯ ಬದಿಗೆ ಕಾಲು ಮುರಿದುಕೊಂಡು ಬಿದ್ದಿದ್ದ ನಾಯಿಯನ್ನು ಮಯೂರಿ ಹತ್ತರಗಿಯ ತನ್ನ ಮನೆಗೆ ಎತ್ತಿಕೊಂಡು ಬಂದಾಗ, ಅವಳ ತಾಯಿ ಕರೆವ್ವ, "ನಿನ್ನ ಹೊಲಿಗಿ ಮಷೀನಿಗೆ ಇದೊಂದು ಗಿರಾಕಿ ಕಡಿಮಿ ಇತ್ತ ನೋಡು," ಎಂದು ಗೊಣಗಿದ್ದಳು. ಕೆಂಚ್ಯಾ ಎಂದು ಹೆಸರಾಯಿತು. ಕಾಲು ಕೂಡಿತು. ಆದರೆ ಯಾರಾದರೂ ಬಗ್ಗಿದರೆ ಸಾಕು, ಕೆಂಚ್ಯಾ ಮೈಮೇಲೆ ಹೋಗುತ್ತಿತ್ತು. ನಮ್ಮ ಕಡೆ ನಾಯಿ ಕಂಡರೆ ಜನ ಮೊದಲು ಬಗ್ಗುತ್ತಾರೆ. ಕೈಗೆ ಕಲ್ಲು ಸಿಗಲಿ ಬಿಡಲಿ, ಬಗ್ಗುವುದೊಂದು ರೂಢಿ. ಆ ರೂಢಿಯ ಪೆಟ್ಟನ್ನು ಕೆಂಚ್ಯಾ ಮೈತುಂಬ ಉಂಡಿತ್ತು.

ಆ ವರ್ಷ ದಸರೆಗೆ ಬನ್ನಿ ಕೊಡಲು ಬಂದ ಪಕ್ಕದ ಮನೆಯ ಅರ್ಜುನ, ಕರೆವ್ವನ ಕಾಲು ಮುಟ್ಟಲು ಬಗ್ಗಿದ. ಕೆಂಚ್ಯಾ ಅವನ ಮುಂಗೈಗೆ ಬಾಯಿ ಹಾಕಿತು. ಬನ್ನಿ ಎಲೆಗಳ ಮೇಲೆ ರಕ್ತ ಬಿತ್ತು.

"ಬಂಗಾರ ಕೊಡಾಕ ಬಂದ್ರ ಇಂಜೆಕ್ಷನ್ ಕೊಡಿಸಿ ಕಳಿಸ್ತಿಯಲ್ಲ ಚಿಗವ್ವ," ಎಂದ ಅರ್ಜುನ, ನಗಲು ನೋಡುತ್ತ.

ಕರೆವ್ವ ನಗಲಿಲ್ಲ. "ಬರೂ ದಸರಿಗೂ ಇದು ಹಿಂಗ ಇದ್ರ, ಮನ್ಯಾಗ ನಾನರ ಇರಬೇಕು, ಇದರ ಇರಬೇಕು," ಎಂದಳು ಮಗಳಿಗೆ.

ಮಯೂರಿ ಓಢಣಿಯ ತುದಿಗೆ ರೊಟ್ಟಿಯ ತುಣುಕು ಕಟ್ಟಿಕೊಂಡಳು. ದೂರ ನಿಂತು ತುಸು ಬಗ್ಗುವಳು, ರೊಟ್ಟಿ ಇಡುವಳು, ಏಳುವಳು. ಮೊಬೈಲಿನಲ್ಲಿ ನೋಡಿದ್ದಷ್ಟೇ ವಿದ್ಯೆ. ಉಳಿದದ್ದನ್ನು ಕೈಮೇಲಿನ ಗಾಯಗಳು ಕಲಿಸಿದವು. ಬಗ್ಗಿದ ಮನುಷ್ಯನೆಂದರೆ ರೊಟ್ಟಿ ಎಂದು ಕೆಂಚ್ಯಾನಿಗೆ ತಿಳಿಯುವ ಹೊತ್ತಿಗೆ ಮರುವರ್ಷದ ಮಳೆಗಾಲ ಮುಗಿದಿತ್ತು. ಆ ದಸರೆಗೆ ಓಣಿಯ ಮಂದಿಯೆಲ್ಲ ಬಂದು ಕರೆವ್ವನ ಕಾಲು ಮುಟ್ಟಿದರು. ಕೆಂಚ್ಯಾ ಹೊಸ್ತಿಲ ಬಳಿ ಕೂತು ಬಾಲ ಅಲ್ಲಾಡಿಸುತ್ತಿತ್ತು. ಅರ್ಜುನ ಬೇಕೆಂದೇ ಮತ್ತೊಮ್ಮೆ ಬಗ್ಗಿ ನೋಡಿದ.

ಅವನೇ ಸುದ್ದಿ ಹಬ್ಬಿಸಿದ. ತಮ್ಮ ನಾಯಿಗಳನ್ನು ತಿದ್ದಲು ಗೋಕಾಕದ ತೋಟದ ಮನೆಯವರು ಕರೆದರು, ಹುಕ್ಕೇರಿಯವರು ಕರೆದರು. ಹೊಲಿಗೆ ಯಂತ್ರಕ್ಕೆ ಹೊದಿಕೆ ಬಿತ್ತು. "ನಾಯಿ ಅಕ್ಕೋರು ಬಂದ್ರು," ಎಂದು ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಶಾಲೆಯ ಟೀಚರಿಗೆ ಅನ್ನುವ ಆ 'ಅಕ್ಕೋರು' ಮಯೂರಿಗೆ ಹಿತವೇ ಆಗುತ್ತಿತ್ತು.

ಒಂದು ಮಧ್ಯಾಹ್ನ ಕೆಂಚ್ಯಾ ಅವಳ ಹಿಂದೆಯೇ ಹೆದ್ದಾರಿಯ ತನಕ ಬಂತು. ಚಹಾದಂಗಡಿಯ ಮುಂದೆ ಲಾರಿಯಿಂದ ಇಳಿದವನೊಬ್ಬ ನಾಯಿಗಳ ಗುಂಪು ಕಂಡು ಬಗ್ಗಿದ. ಉಳಿದವೆಲ್ಲ ದಿಕ್ಕಾಪಾಲಾಗಿ ಓಡಿದವು. ಕೆಂಚ್ಯಾ ಬಾಲ ಅಲ್ಲಾಡಿಸುತ್ತ ಅವನತ್ತಲೇ ಓಡಿತು. ಮಯೂರಿ ಕೂಗುವಷ್ಟರಲ್ಲಿ ಕಲ್ಲು ಹಣೆಗೆ ಬಿದ್ದಿತ್ತು.

"ಎಲ್ಲಾ ನಾಯಿ ಓಡಿದ್ವು, ಇದ್ಯಾಕ ಓಡಲಿಲ್ರಿ?" ಅವನ ಮುಖ ಬಿಳಿಚಿತ್ತು. "ಕಡಿಯಾಕ ಬರಾಕತ್ತೈತಿ ಅಂತ ತಿಳದೆ."

ಅವನಿಗೆ ಕೊಡಬೇಕಾದ ಉತ್ತರ ಮಯೂರಿಯ ಓಢಣಿಯ ತುದಿಯಲ್ಲಿ ಗಂಟಾಗಿತ್ತು.

ಹಿತ್ತಲಲ್ಲಿ ಕೆಂಚ್ಯಾನ ಮೇಲೆ ಮಣ್ಣು ಮುಚ್ಚುವಾಗ ಅವಳು, "ಅಂಜಿಕಿ ಪೂರಾ ತಗದ್ಬಿಟ್ಟೆ ಯವ್ವ," ಎಂದಳು.

"ಅಂಜಿಕಿ ಇದ್ದಾಗ ಕಡೀತಿತ್ತು," ಎಂದಳು ಕರೆವ್ವ.

ಆಮೇಲೆ ಕರೆದವರಿಗೆಲ್ಲ ಮಯೂರಿ ಆಗುವುದಿಲ್ಲ ಎಂದಳು. ಮೂಡಲಗಿಯ ಗೌರಕ್ಕ ಮಾತ್ರ ಬಿಡಲಿಲ್ಲ. ಅವಳು ಸಾಕಿಕೊಂಡ ಬೀದಿನಾಯಿಯೂ ಬಗ್ಗಿದವರನ್ನು ಕಡಿಯುತ್ತಿತ್ತು. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗಳಿದ್ದಳು. "ನಿಮ್ಮ ಕೆಂಚ್ಯಾನಂಗ ಮಾಡಿಕೊಡ್ರಿ, ಸಾಕು."

"ಅದರಂಗ ಬ್ಯಾಡ್ರಿ. ಮನಿಯೊಳಗ ಬಗ್ಗಿದ್ರ ಬರಲಿ, ಹೊರಗ ಬಗ್ಗಿದ್ರ ಓಡಲಿ."

"ಎರಡೂ ಕಲೀತೈತೇನ್ರಿ?"

"ಗೊತ್ತಿಲ್ರಿ ಅಕ್ಕಾ."

ಮನೆಯೊಳಗಿನ ಪಾಠ ಮೊದಲು ಮುಗಿಯಿತು. ಆ ನಾಯಿ ಬಗ್ಗಿದ ಅವಳ ಅಂಗೈಯಿಂದ ರೊಟ್ಟಿ ತಿಂದು, ಮೊಣಕಾಲಿಗೆ ತಲೆ ಆನಿಸುವಷ್ಟಾಯಿತು. ಆಗ ಮಯೂರಿ ಅದನ್ನು ಬೀದಿಗೆ ಕರೆದೊಯ್ದಳು. ಬಗ್ಗಿದಳು. ನಾಯಿ ಬಾಲ ಅಲ್ಲಾಡಿಸುತ್ತ ಹತ್ತಿರ ಬಂತು. ಅವಳು ಕಲ್ಲು ಎತ್ತಿಕೊಂಡು, ಅದರ ಪಕ್ಕದ ಬೇವಿನ ಬೊಡ್ಡೆಗೆ ಬೀಸಿ ಹೊಡೆದಳು. ನಾಯಿಯತ್ತ ಕಲ್ಲೆಸೆದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ನಾಯಿ ಕುಂಯ್ ಎಂದು ದನದ ಕೊಟ್ಟಿಗೆಗೆ ಓಡಿತು.

"ಓಡಿತಲ್ರಿ," ಎಂದಳು ಗೌರಕ್ಕ.

"ಹೂಂ," ಎಂದಳು ಮಯೂರಿ.

ಬಸ್ಸಿನ ಹೊತ್ತಾಗುವವರೆಗೂ ಅವಳು ರೊಟ್ಟಿ ಹಿಡಿದು ಹೊಸ್ತಿಲ ಒಳಗೆ ಕೂತಿದ್ದಳು. ನಾಯಿ ಕೊಟ್ಟಿಗೆಯಿಂದ ಬರಲಿಲ್ಲ.