ಮಾಗಡಿ ಹುಡುಗನ ಟೈರು

ಹುಡುಗ ತೀರಾ ಒಳ್ಳೆಯವನಾಗಿದ್ದ. ನನಗೆ ಅನುಮಾನ ಬಂದದ್ದೇ ಅಲ್ಲಿ. ಮಾಗಡಿಯಲ್ಲಿ ದನದ ಡಾಕ್ಟರು, ಹೆಸರು ಮಧುಕುಮಾರ್, ಕುಡಿತ ಇಲ್ಲ, ಬೀಡಿ ಇಲ್ಲ. ಭಾನುವಾರ ನನ್ನ ಮಗಳು ಚೈತ್ರಾಳನ್ನು ನೋಡಲು ಅಪ್ಪ ಅಮ್ಮನ ಜೊತೆ ಬಂದವನು ತಲೆ ತಗ್ಗಿಸಿಕೊಂಡು ಕೇಸರಿಬಾತ್ ತಿಂದು ಹೋದ. ಸಂಬಂಧ ತಂದ ನನ್ನ ತಮ್ಮ ಅಶ್ವಥ್, ಒಪ್ಪಿಗೆಯೋ ಇಲ್ಲವೋ ಹೇಳು ಎಂದು ದಿನಾ ಪ್ರಾಣ ತಿನ್ನುತ್ತಿದ್ದ. ಶುಕ್ರವಾರ ಹೇಳುತ್ತೇನೆ ಎಂದಿದ್ದೆ. ಅಪ್ಪನಿಲ್ಲದ ಮಗಳು, ಒಂದು ಸಲ ಹೂಂ ಎಂದಮೇಲೆ ಬಾಯಿ ಬಡಿದುಕೊಂಡು ಏನು ಪ್ರಯೋಜನ?

ಗುರುವಾರ ಬೆಳಿಗ್ಗೆ ಆ ಹುಡುಗನೇ ದೊಡ್ಡಮಳೂರಿನ ನನ್ನ ಟೈರ್ ಅಂಗಡಿಗೆ ಕಾರು ತಂದ. ಕೆಂಪು ಬಣ್ಣ, ನೆಲಕ್ಕೆ ಅಂಟಿದಂಥ ರೇಸಿನ ಕಾರು. ದನದ ಡಾಕ್ಟರಿಗೆ ಇದ್ಯಾಕೋ!

"ನಾಲ್ಕೂ ಟೈರ್ ಬದಲಾಯಿಸ್ಬೇಕಿತ್ತಮ್ಮ," ಎಂದ.

ಮಾಗಡಿಯಿಂದ ಇಲ್ಲಿಗೆ ಎಷ್ಟು ಅಂಗಡಿ ದಾಟಿ ಬಂದಿರಬೇಕು! ಬೆಣ್ಣೆ ಹಚ್ಚಲು ಬಂದಿದ್ದಾನೆ ಎಂದುಕೊಂಡೆ. ಮುಂದಿನ ಟೈರಿನ ಮೇಲೆ ಕೈಯಾಡಿಸಿದೆ. ನಡುವಿನ ಗೆರೆಗಳು ಇನ್ನೂ ಇದ್ದವು, ಹೊರಗಿನ ಅಂಚು ಮಾತ್ರ ನುಣ್ಣಗೆ ಬೋಳು. ತಿರುವಿನಲ್ಲೂ ವೇಗ ತಗ್ಗಿಸದವರ ಟೈರು ಹೀಗೆ ಸವೆಯುತ್ತದೆ. ಗಂಡ ಹೋದಮೇಲೆ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು ನಾನು.

"ಸಾವನದುರ್ಗದ ರೋಡಲ್ಲಿ ಜೋರಾಗಿ ಓಡುಸ್ತೀರಾ?"

"ಇಲ್ಲಮ್ಮ. ನಾನು ನಲವತ್ತು ದಾಟಲ್ಲ."

ಎಲಾ ಇವನ! ನನ್ನೆದುರಿಗೇ ಹಸಿ ಸುಳ್ಳು. "ಟೈರ್ ನೋಡುದ್ರೆ ಹಂಗ್ ಕಾಣಲ್ವಲ್ಲಪ್ಪ," ಎಂದೆ. ಅವನ ಮುಖ ಕೆಂಪಾಯಿತು. ಟೈರಿನ ವಿಷಯಕ್ಕೇ ಸುಳ್ಳು ಹೇಳುವವನು ಕಟ್ಟಿಕೊಂಡವಳಿಗೆ ಇನ್ನೇನೇನು ಹೇಳಿಯಾನು? ಕಾರು ಹೊರಟ ತಕ್ಷಣ ತಮ್ಮನಿಗೆ ಫೋನ್ ಮಾಡಿ ಈ ಸಂಬಂಧ ಬೇಡ ಎಂದುಬಿಡಲು ನಿರ್ಧರಿಸಿದೆ.

ಹೊಸ ಟೈರು ಹಾಕಿದ್ದಾಯಿತು. ಚಕ್ರಗಳ ಅಲೈನ್‌ಮೆಂಟ್ ನೋಡಲು ಕಾರನ್ನು ಒಳಗೆ ತರಬೇಕು. ಕೀ ಕೇಳಿದರೆ, "ನಾನೇ ತರ್ತೀನಿ" ಎಂದು ತಡವರಿಸಿದ. ಮತ್ತೆ ಅನುಮಾನ. "ಕೊಡಿ ಇತ್ಲಾಗೆ," ಎಂದು ಕಿತ್ತುಕೊಂಡು ಹತ್ತಿ ಕುಳಿತೆ.

ನಾನು ಐದಡಿಗೂ ಒಂದಿಂಚು ಕಮ್ಮಿ. ಯಾರ ಕಾರು ಹತ್ತಿದರೂ ಮೊದಲು ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಇಲ್ಲಿ ಕಾಲು ಸಲೀಸಾಗಿ ಬ್ರೇಕಿಗೆ ಎಟುಕಿತು. ಕನ್ನಡಿಯೂ ನನ್ನ ಕಣ್ಣಿಗೆ ಸರಿಯಾಗಿತ್ತು. ಹೊರಗೆ ನಿಂತವನೋ ಆರಡಿ ಆಳು.

"ಈ ಸೀಟಲ್ಲಿ ನೀವೆಂಗ್ ಕೂತಿದ್ರಿ?"

"ಬಸ್ ಸ್ಟಾಪಿಂದ ಇಲ್ಲೀವರೆಗೆ ಅಷ್ಟೇ ಅಲ್ವಾ... ಮಂಡಿ ಮಡಚ್ಕೊಂಡೆ."

"ಬಸ್ ಸ್ಟಾಪ್‌ಗಂಟ ಓಡ್ಸಿದ್ಯಾರು?"

ಅವನು ನೆಲ ನೋಡಿದ. "ಚೈತ್ರಾ."

ಅವಳೂ ನನ್ನಷ್ಟೇ ಎತ್ತರ. ಬ್ಯಾಂಕಿನಲ್ಲಿ ಆಡಿಟ್ ಇದೆ ಎಂದು ಆರೂವರೆಗೇ ಮನೆ ಬಿಟ್ಟಿದ್ದಳು ಮಹಾತಾಯಿ! ಫೋನ್ ಮಾಡಿ ಬೈದೆ.

"ಎಂಟ್ ತಿಂಗಳಿಂದ ಓಡಿಸ್ತಿದ್ದೀನಮ್ಮ. ಮಾಮನ ಕೈಲಿ ಸಂಬಂಧ ತರಿಸಿದ್ದೂ ನಾವೇ. ನಾವೇ ನೋಡ್ಕೊಂಡಿದ್ದೀವಿ ಅಂದಿದ್ರೆ ನೀನು ಒಪ್ತಿದ್ಯಾ?"

ಒಪ್ಪುತ್ತಿರಲಿಲ್ಲ. ಆದರೂ ಅಳು ಬಂತು. ನನ್ನ ಮಗಳೇ ನನಗೆ ಹೆದರಿ ಎಂಟು ತಿಂಗಳು ಕಳ್ಳಿಯ ಹಾಗಿದ್ದಳಲ್ಲ! "ಜೀವದ್ ಮ್ಯಾಲೆ ಆಸೆ ಇಲ್ವೇನೇ ನಿಂಗೆ?" ಎಂದು ಕಿರುಚಿ ಫೋನ್ ಇಟ್ಟೆ.

ಹುಡುಗ ಮೆಲ್ಲಗೆ, "ನಿಧಾನ ಹೋಗು ಅಂತ ಹೇಳ್ತಾನೇ ಇರ್ತೀನಮ್ಮ, ಕೇಳಲ್ಲ," ಎಂದ. ಅವಳ ಹೆಸರು ಬಾಯಿಗೆ ಬರಬಾರದೆಂದು ಅಷ್ಟು ಹೊತ್ತು ಸುಮ್ಮನೆ ನನ್ನ ಕೊಂಕು ಕೇಳಿಸಿಕೊಂಡಿದ್ದ. ನನಗೆ ನಾಚಿಕೆಯಾಯಿತು.

"ಇವ್ಳು ಹಿಂಗ್ ಓಡುಸ್ತಾಳೆ ಅಂತ ನಿಮ್ಮಮ್ಮಂಗೆ ಗೊತ್ತಾ?"

"ಇಲ್ಲ. ಎಷ್ಟು ಸೌಮ್ಯ ಹುಡುಗಿ ಅಂತ ಭಾನುವಾರದಿಂದ ಹೊಗಳ್ತಾನೇ ಇದ್ದಾರೆ."

ಅವರಿಗೆ ಗೊತ್ತಾದರೆ ಈ ಸಂಬಂಧ ಕೈತಪ್ಪುತ್ತದೆ. ಇಂಥ ಹುಡುಗ ಇನ್ನೆಲ್ಲಿ ಸಿಕ್ಕಾನು? ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದೆ. "ಶುಕ್ರವಾರದ್ಗಂಟ ಯಾಕ್ಲಾ ಕಾಯೋದು? ಈಗ್ಲೇ ಹೇಳ್ಬುಡು, ಒಪ್ಗೆ ಐತೆ ಅಂತ."

ಹುಡುಗ ಬಾಯಿ ಬಿಟ್ಟುಕೊಂಡು ನಿಂತಿದ್ದ. ಹತ್ತಿರ ಹೋಗಿ ದನಿ ತಗ್ಗಿಸಿದೆ.

"ನೋಡಪ್ಪಾ, ಟೈರ್ ಯಾಕಿಷ್ಟು ಸವೀತು ಅಂತ ನಿಮ್ಮಮ್ಮ ಕೇಳುದ್ರೆ, ಜೋರಾಗಿ ಓಡ್ಸಿದ್ದು ನಾನೇ ಅನ್ನು. ತಿಳೀತಾ?"