ಮೊಳೆಯ ಮೇಲಿನ ಬಿಲ್ಲೆ

ಮೊಳೆ ಇನ್ನೂ ಖಾಲಿ. ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿದು ಹೊಲಿದು ಎಲ್ಲರ ಬಾಯಲ್ಲೂ ಕಾಲರ್ ಅಕ್ಕ ಎನಿಸಿಕೊಂಡವಳು ತೊಡೆಗೆ ತೊಡೆ ಒತ್ತಿ, ಕಾಲನ್ನು ಪೆಡಲಿನ ಮೇಲೂ ಕಣ್ಣನ್ನು ಆ ಮೊಳೆಯ ಮೇಲೂ ಇಟ್ಟಿದ್ದಳು. ಶೌಚಾಲಯಕ್ಕೆ ಹೋಗುವವರು ಅಲ್ಲಿ ತೂಗುವ ಮರದ ಬಿಲ್ಲೆ ಹಿಡಿದೇ ಹೋಗಬೇಕು. ಇಡೀ ಸಾಲಿಗೆ ಒಂದೇ ಬಿಲ್ಲೆ. ಹೆಂಗಸರ ಮೂತ್ರಕೋಶದ ಯಜಮಾನಿಕೆಯನ್ನು ಒಂದು ಮರದ ತುಂಡಿಗೆ ಬರೆದುಕೊಟ್ಟಿದ್ದರು!

ಪಕ್ಕದ ಯಂತ್ರದಿಂದ ನಾದಿನಿ ಪಿಸುಗುಟ್ಟಿದಳು. "ಅತ್ತಿಗೆ, ನೀರು ಯಾಕೆ ಕುಡಿದ್ರಿ? ನಮ್ಮ ಹಾಗೆ ಬಾಯಿ ಒಣಗಿಸ್ಕೊಂಡು ಇರಬಾರದಿತ್ತಾ?"

ಅದೇ ಆ ಸಾಲಿನ ಮದ್ದು. ಬೆಳಿಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ತುಂಬಿದಂತೆಯೇ ಮನೆಗೆ ಹೋಗುತ್ತಿತ್ತು. ಎರಡನೇ ಹೆರಿಗೆಯಾದಾಗಿನಿಂದ ಕೆಮ್ಮಿದರೆ, ನಕ್ಕರೆ ಹನಿ ಜಾರುತ್ತಿದ್ದ ಕಾಲರ್ ಅಕ್ಕನೂ ಅದನ್ನೇ ನಂಬಿದ್ದಳು. ಈಗೀಗ ಕೆಮ್ಮೂ ಬೇಡ, ನಗುವೂ ಬೇಡ. ಒಮ್ಮೆಲೇ ಒತ್ತಿ ಬರುತ್ತಿತ್ತು. ನಿನ್ನೆ ಆಸ್ಪತ್ರೆಯ ನರ್ಸು ಗದರಿದ್ದಳು:

"ನೀರು ಬಿಟ್ರೆ ಮೂತ್ರ ಖಾರ ಆಗಿ ಚೀಲನ ಇನ್ನೂ ಕೆಣಕುತ್ತಮ್ಮ. ಇದು ವಯಸ್ಸಲ್ಲ, ಹಣೆಬರಹಾನೂ ಅಲ್ಲ, ಕಾಯಿಲೆ. ಮೂತ್ರ ತಡೆಹಿಡಿಯೋ ತಳದ ಸ್ನಾಯು ಬಿಗಿ ಹಿಡಿದು ಬಿಡೋ ವ್ಯಾಯಾಮ ಮಾಡು, ಸುಧಾರಿಸುತ್ತೆ. ನೀರು ಕುಡಿ, ಹೊತ್ತು ಹೊತ್ತಿಗೆ ಹೋಗು."

"ಹೊತ್ತಿಗೆ ಸರಿಯಾಗಿ ಬಿಲ್ಲೆ ಸಿಗಲ್ವಲ್ಲ?"

"ಅದಕ್ಕೆ ನನ್ನ ಹತ್ರ ಮದ್ದಿಲ್ಲ. ನೀನೇ ಬಾಯಿ ಬಿಡಬೇಕು."

ಈಗ ಯಂತ್ರದ ಪಕ್ಕ ಮೇಲ್ವಿಚಾರಕ ಬಂದು ನಿಂತ. "ಏನಮ್ಮ, ಕುರ್ಚೀಲಿ ಮುಳ್ಳಿದೆಯಾ?"

"ಹೋಗ್ಬೇಕು ಸಾರ್."

"ಬಿಲ್ಲೆ ಬರ್ಲಿ. ಮಿಕ್ಕವರೆಲ್ಲ ತಡ್ಕೊಂಡಿಲ್ವಾ?"

ಸೂಜಿ ಕಾಲರಿನ ಅಂಚು ತಪ್ಪಿತು. ಕೆಳಗೆ ಬೆಚ್ಚಗೆ ಒಂದಿಷ್ಟು ಜಾರಿತು. ಇನ್ನು ಕೂತರೆ ಕುರ್ಚಿಯೇ ಎಲ್ಲವನ್ನೂ ಹೇಳುತ್ತದೆ. ಅದಕ್ಕಿಂತ ತಾನೇ ಹೇಳುವುದು ಮೇಲು. ಎದ್ದಳು.

"ನನಗೆ ಕಾಯಿಲೆ ಸಾರ್. ಮೂತ್ರ ತಡೆಯೋಕಾಗಲ್ಲ. ಇವರು ಹೇಗೆ ತಡ್ಕೊಂಡಿದ್ದಾರೆ ಅಂತ ಬೇಕಾದ್ರೆ ಬಾಟಲಿ ನೋಡಿ. ಒಬ್ಬಳಾದ್ರೂ ಗುಟುಕು ಕುಡಿದಿದ್ದಾಳಾ?"

ಯಂತ್ರಗಳು ಒಂದೊಂದಾಗಿ ನಿಂತವು. ಹಿಂದೆ ಯಾರೋ ಕಿಸಕ್ಕೆಂದರು. ನಾದಿನಿ ತಿರುಗಿ, "ನಗು, ನಗು. ನಾಳೆ ನಿಂದೂ ಇದೇ ಪಾಡು," ಎಂದವಳೇ ಬಾಟಲಿಯ ಮುಚ್ಚಳ ತಿರುವಿ ಗಟಗಟನೆ ಕುಡಿದಳು.

ಕಾಲರ್ ಅಕ್ಕ ಆಗಲೇ ನಡೆದಿದ್ದಳು, ಅರ್ಧ ಓಟ, ಅರ್ಧ ನಡಿಗೆ. ಶೌಚಾಲಯದ ಬಾಗಿಲಲ್ಲಿ ಹೊರಬರುತ್ತಿದ್ದವಳು ಗಾಬರಿಯಿಂದ ಬಿಲ್ಲೆ ಚಾಚಿದಳು.

"ತಗೋ ಅಕ್ಕ, ಬೇಗ."

"ನನಗೆ ಬೇಡ ಅದು. ದಾರಿ ಬಿಡು."